ಹದಿಮೂರು ಎಲೆ

ಕಂತು ಏಳು

"ಸೊನ್ನೆ," ಎಂದರು ತೀರ್ಥಮ್ಮ.

ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಳಗೆ ಒಂದು ಹನಿಯೂ ಇಲ್ಲವೆಂದು ಗೊತ್ತಿದ್ದೂ ಎರಡೆರಡು ಸಲ ನೋಡಿ, ಸೆರಗಿನಲ್ಲಿ ಒರೆಸಿ ಮಳೆಮಾಪಕದ ಪಕ್ಕದಲ್ಲಿ ಇಟ್ಟರು. ಪಂಚನಹಳ್ಳಿಯ ಆ ಹಿತ್ತಿಲಲ್ಲಿ ಬೆಳಗಿನ ಎಂಟೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು.

"ಮಳೆನೇ ಬಂದಿಲ್ಲ. ಮತ್ಯಾಕೆ ನೋಡ್ತೀರಮ್ಮ?" ರುದ್ರಮೂರ್ತಿ ಕೇಳಿದ.

"ನೋಡ್ದೆ ಸೊನ್ನೆ ಬರೆದ್ರೆ ಅದು ಸುಳ್ಳು. ನೋಡಿ ಬರೆದ್ರೆ ಅಳತೆ. ಮೇಷ್ಟ್ರು ಹೇಳ್ಕೊಟ್ಟಿದ್ದು ಕಣ್ರೀ," ಎಂದ ತೀರ್ಥಮ್ಮ ಮುಖ ಆ ಕಡೆ ತಿರುಗಿಸಿಕೊಂಡರು.

ಬುಕ್ಕಾಂಬುಧಿಯ ಮಲ್ಲಿಕಾರ್ಜುನಯ್ಯ ಮೇಷ್ಟ್ರು ತೀರಿಕೊಂಡು ಇವತ್ತಿಗೆ ಹತ್ತು ದಿನ. ನಾಳೆ ಶಿವಗಣಾರಾಧನೆ. ತಂತಮ್ಮ ಊರಿನ ಮಳೆ ಅಳೆದು ದಿನಾ ಬೆಳಿಗ್ಗೆ ಅಂಕಿ ಬರೆಯಲೆಂದು ಮೇಷ್ಟ್ರು ಕಟ್ಟಿದ ‘ಮಳೆ ಗೆಳೆಯರು’ ಎಂಬ ವಾಟ್ಸಾಪ್ ಗುಂಪಿನ ಹದಿಮೂರೂ ಜನ ಊಟಕ್ಕೆ ಬರುವವರು. ಆ ಹದಿಮೂರರಲ್ಲಿ ಒಬ್ಬರು ಗುಂಪಿನ ಮಾತನ್ನು ಫೋಟೊ ಹಿಡಿದು ಬೀದಿಗೆ ಎಸೆದಿದ್ದರು. ಆ ಫೋಟೊ ಮೇಷ್ಟ್ರ ಜೀವ ತಿಂದಿತು.

"ಹದಿಮೂರು ಎಲೆ ಹಾಕ್ತೀನಿ ಕಣಪ್ಪಾ," ಎಂದಿದ್ದರು ಮೇಷ್ಟ್ರ ಹೆಂಡತಿ ಪ್ರೇಮಮ್ಮ. "ಹನ್ನೆರಡಕ್ಕೆ ಹೋಳಿಗೆ ಬಡಿಸ್ತೀನಿ. ಒಂದನ್ನ ಎಲ್ರ ಮುಂದೆ ಎತ್ತಿ ತಿಪ್ಪೆಗೆ ಎಸೀತೀನಿ. ಯಾವುದು ಅಂತ ನೀನು ಹೇಳು. ಮೂವತ್ತೈದು ವರ್ಷ ಪೊಲೀಸ್ ಕೆಲ್ಸ ಮಾಡಿದೋನು, ಇಷ್ಟು ಹೇಳಕ್ಕಾಗಲ್ವಾ?"

ರುದ್ರಮೂರ್ತಿ ತರೀಕೆರೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು. ಪ್ರೇಮಮ್ಮ ಅವನ ತೀರಿಹೋದ ಹೆಂಡತಿಯ ಅಕ್ಕ. ಮೇಷ್ಟ್ರು ಅವನಿಗೆ ಷಡ್ಡಕ. ಆದರೂ ಊರೆಲ್ಲ ಕರೆದ ಹಾಗೆ ಅವನೂ ಮೇಷ್ಟ್ರೇ ಎಂದೇ ಕರೆದವನು. ಹೇಳುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟುಬಿಟ್ಟಿದ್ದ. ಕೊಟ್ಟ ಮಾತಿಗೆ ಇನ್ನು ಉಳಿದಿದ್ದು ಒಂದೇ ಹಗಲು.

"ನಿಮ್ಮ ಫೋನ್ ಒಂಚೂರು ನೋಡ್ಬೇಕಿತ್ತಮ್ಮ."

ತೀರ್ಥಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಸುಧಾರಿಸಿದ ಹೆಂಗಸು. "ನೋಡಿ. ಮುಚ್ಚಿಡೋದೇನಿದೆ?" ಎಂದು ಕೈಗೇ ಕೊಟ್ಟರು.

ಫೋನ್ ನೋಡುತ್ತಲೇ ರುದ್ರಮೂರ್ತಿಗೆ ಅರ್ಧ ಉತ್ತರ ಸಿಕ್ಕಿಬಿಟ್ಟಿತು. ಒಂದೊಂದು ಅಕ್ಷರ ಕಡಲೆಕಾಯಿಯಷ್ಟು ದಪ್ಪ. ಕಣ್ಣು ಮಂಜಾದವರು ಮಾಡಿಕೊಳ್ಳುವ ಏರ್ಪಾಟು. ಇಂಥ ಫೋನಿನಲ್ಲಿ ಒಂದು ಸಲಕ್ಕೆ ನಾಲ್ಕು ಸಾಲು ಕಂಡರೆ ಹೆಚ್ಚು. ಬೀದಿಗೆ ಬಿದ್ದ ಆ ಫೋಟೊದಲ್ಲಿ ಹನ್ನೊಂದು ಜನರ ಮಾತು ಒಂದರ ಕೆಳಗೊಂದು ಇದ್ದವು.

ಆ ಫೋಟೊ ಅವನಿಗೆ ಬಾಯಿಪಾಠವಾಗಿತ್ತು. ಚಿತ್ತೆ ಮಳೆ ಸುರಿದ ಮಾರನೆಯ ಬೆಳಿಗ್ಗೆಯ ಮಾತುಗಳು. ಬುಕ್ಕಾಂಬುಧಿಯಲ್ಲಿ ನೂರಾ ಹದಿನೆಂಟು ಮಿಲಿಮೀಟರ್. ಹದಿನಾಲ್ಕು ಊರುಗಳಲ್ಲಿ ವರ್ಷಕ್ಕೆಲ್ಲ ಹೆಚ್ಚಿನ ಮಳೆ. ಗುಂಪಿನಲ್ಲಿ ಮೊದಲಿನಿಂದ ಒಂದು ತಮಾಷೆಯ ಕಟ್ಟಳೆ ಇತ್ತು: ವರ್ಷದ ದೊಡ್ಡ ಮಳೆ ಯಾರ ಊರಿಗೆ ಬೀಳುತ್ತದೋ ಅವರು ಉಳಿದವರಿಗೆ ಹೋಳಿಗೆ ಊಟ ಹಾಕಬೇಕು.

‘ಮೇಷ್ಟ್ರೇ, ಹೋಳಿಗೆ ಯಾವಾಗ?’ ಎಂದು ಒಬ್ಬರು ಬರೆದಿದ್ದರು. ‘ತುಪ್ಪ ಜಾಸ್ತಿ ಇರ್ಲಿ’ ಎಂದು ಇನ್ನೊಬ್ಬರು. ಮೇಷ್ಟ್ರು ಬರೆದದ್ದು ಹೀಗೆ: ‘ಎಲೆ ಹಾಕ್ಸಿದೀನಿ, ಬನ್ರಪ್ಪಾ. ಇಂಥಾ ದಿನ ಮತ್ತೆ ಬರಲ್ಲ!’

ಅದೇ ಬೆಳಿಗ್ಗೆ ಶಾಲೆಗೆ ಹೊರಟ ಎಂಟು ವರ್ಷದ ಶ್ರೇಯಾ ಎಂಬ ಹುಡುಗಿ ತುಂಬಿದ ಹಳ್ಳದಲ್ಲಿ ಕೊಚ್ಚಿಹೋದಳು.

ಸಂಜೆಯ ಹೊತ್ತಿಗೆ ‘ಮೂರು ತಾಲ್ಲೂಕಿನ ಜಗಲಿ’ ಎಂಬ ಫೇಸ್‌ಬುಕ್ ಗುಂಪಿನಲ್ಲಿ ಆ ಮಗುವಿನ ಮುಖದ ಪಕ್ಕದಲ್ಲೇ ಈ ಮಾತುಗಳು ಕುಳಿತಿದ್ದವು. ಮೇಲೆ ಒಂದು ಸಾಲು: ‘ಮಗು ತೇಲಿಹೋದ ದಿನ ಇವರಿಗೆ ಹೋಳಿಗೆ ಊಟ.’ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಸೇರಿ ಅರವತ್ತೊಂದು ಸಾವಿರ ಜನ ಕೂರುವ ಜಗಲಿ ಅದು. ಎರಡು ಸಾವಿರದ ಮುನ್ನೂರು ಜನ ಬಾಯಿಗೆ ಬಂದದ್ದು ಬರೆದರು. ಮಗುವಿನ ತಾಯಿ ಮಾತ್ರ ಒಂದಕ್ಷರ ಬರೆಯಲಿಲ್ಲ. ಬರೆದವರಲ್ಲಿ ಬಹಳ ಮಂದಿ ಮಗುವನ್ನೂ ಕಂಡವರಲ್ಲ, ಮೇಷ್ಟ್ರನ್ನೂ ಕಂಡವರಲ್ಲ.

"ನೀವು ಅಲ್ಲಮ್ಮ," ಎಂದ ರುದ್ರಮೂರ್ತಿ, ಫೋನ್ ವಾಪಸ್ಸು ಕೊಡುತ್ತ.

"ನಾನೇ ಕಣ್ರೀ," ಎಂದರು ತೀರ್ಥಮ್ಮ.

ರುದ್ರಮೂರ್ತಿ ತಬ್ಬಿಬ್ಬಾದ.

"ಫೋಟೊ ಹೊಡೆದಿದ್ದು ನಾನಲ್ಲ. ಆದ್ರೆ ಕೇಳಿ. ನಮ್ಮಲ್ಲಿ ಒಂದು ರೂಢಿ. ಒಂಬತ್ತರೊಳಗೆ ಯಾರದಾದ್ರೂ ಅಂಕಿ ಬರ್ಲಿಲ್ಲ ಅಂದ್ರೆ ಪಟ್ಟಿಲಿ ಅವರ ಮೇಲಿನ ಹೆಸ್ರಿನವ್ರು ಫೋನ್ ಮಾಡಿ ವಿಚಾರಿಸ್ಬೇಕು. ಯಾರಾದ್ರೂ ತಪ್ಪು ಬರೆದ್ರೂ ಅಷ್ಟೆ, ಎಲ್ರ ಮುಂದೆ ತಿದ್ದಂಗಿಲ್ಲ, ಫೋನ್ ಮಾಡೇ ಹೇಳ್ಬೇಕು. ಪಟ್ಟಿಲಿ ಬುಕ್ಕಾಂಬುಧಿ ಮೇಲಿನ ಹೆಸ್ರು ನಂದೇ."

"ಗೊತ್ತಾಯ್ತು."

"ಮಾರನೇ ದಿನದಿಂದ ಮೇಷ್ಟ್ರ ಅಂಕಿ ನಿಂತೋಯ್ತು. ಎಂಟು ದಿನ ಬರ್ಲಿಲ್ಲ. ನಾವೆಲ್ಲ ಸೊನ್ನೆ, ಸೊನ್ನೆ, ಮೂರು, ಸೊನ್ನೆ ಅಂತ ಬರೀತಾ ಹೋದ್ವಿ. ಮಧ್ಯ ಅವರ ಜಾಗ ಖಾಲಿ. ನಾನು ಫೋನ್ ಮಾಡ್ಲಿಲ್ಲ. ಏನಂತ ಮಾತಾಡ್ಲಿ, ಅವರಿಗೆ ನಾಚಿಕೆ ಆದೀತು ಅಂತ ಸುಮ್ನಿದ್ದೆ. ಹದಿಮೂರೂ ಜನ ಹಂಗೇ ಸುಮ್ನಿದ್ವಿ. ಅಲ್ಲಿ ಸಾವಿರಾರು ಜನ ಬೈದು ಕೊಂದ್ರು, ಇಲ್ಲಿ ನಾವು ಬಾಯಿ ಮುಚ್ಕೊಂಡು ಕೊಂದ್ವಿ. ನನ್ನ ಎಲೆನೂ ಎತ್ತಿ ಎಸೀಲಿ, ನಾನು ಬೇಡ ಅನ್ನಲ್ಲ."

ಒಂಬತ್ತನೆಯ ದಿನ ಬೆಳಿಗ್ಗೆ ಮೇಷ್ಟ್ರು ಹಿತ್ತಿಲಿಗೆ ಹೋಗಿದ್ದರು. ಮಳೆಮಾಪಕದ ಪಕ್ಕದಲ್ಲೇ ಕುಸಿದಿದ್ದರು. ಹೃದಯ ನಿಂತಿತು ಎಂದರು ಡಾಕ್ಟರು. ಅಳತೆಯ ಗಾಜು ಅವರ ಕೈಯಲ್ಲೇ ಇತ್ತು. ಅದನ್ನು ಬಿಡಿಸಿ ತೆಗೆದವನು ರುದ್ರಮೂರ್ತಿಯೇ.

ಹೊರಡುವ ಮುಂಚೆ ಸುಮ್ಮನೆ ಕೇಳಿದ. "ಗುಂಪಲ್ಲಿ ಹದಿನೈದು ಜನ ಅಂತ ತೋರಿಸ್ತಿದೆ. ಹದಿನಾಲ್ಕು ಅಲ್ವಾ?"

"ಮೇಷ್ಟ್ರು ಎರಡು ನಂಬರ್ ಇಟ್ಕಂಡಿದ್ರೇನೋಪ್ಪ. ಆ ನಂಬರಿಂದ ಯಾವತ್ತೂ ಒಂದು ಮಾತೂ ಬಂದಿಲ್ಲ."

ಮಾತೇ ಆಡದ ನಂಬರನ್ನು ಕಟ್ಟಿಕೊಂಡು ಏನಾಗಬೇಕು ಎಂದುಕೊಂಡು ರುದ್ರಮೂರ್ತಿ ಬೈಕ್ ಹತ್ತಿದ. ಮೂವತ್ತೈದು ವರ್ಷದ ಪೊಲೀಸ್ ಬುದ್ಧಿ ಅವತ್ತು ಎಲ್ಲಿ ಮಲಗಿತ್ತೋ ಶಿವನೇ ಬಲ್ಲ.

ಕಡೂರಿನ ದಾರಿಯಲ್ಲಿ ಫೋನ್ ಬಂತು. ತೆಂಗಿನ ತೋಟವೊಂದರ ನೆರಳಿನಲ್ಲಿ ಬೈಕ್ ನಿಲ್ಲಿಸಿದ. ಪ್ರೇಮಮ್ಮ.

"ತೀರ್ಥಮ್ಮ ಅಲ್ಲ ತಾನೆ?"

"ಅಲ್ಲಕ್ಕಾ."

"ನಂಗೊತ್ತಿತ್ತು. ಹಂಗಾದ್ರೆ ಅವ್ನೇ. ಚೌಳಹಿರಿಯೂರಿನ ಓಂಕಾರೇಶ. ನಿನ್ನ ಮಾಪಕ ತೆಂಗಿನ ಮರದ ಕೆಳಗಿದೆ, ಅಳತೆ ಸರಿ ಬರಲ್ಲ ಕಣಪ್ಪಾ ಅಂತ ನಮ್ಮನೇವ್ರು ಹೇಳಿದ್ದಕ್ಕೆ ಮೂರು ತಿಂಗ್ಳು ಮಾತು ಬಿಟ್ಟಿದ್ದ. ಹೊಟ್ಟೆಲಿ ಇಟ್ಕಂಡಿದ್ದು ತೀರಿಸ್ಕೊಂಡ."

"ಇನ್ನೂ ಗೊತ್ತಿಲ್ಲಕ್ಕಾ. ಸಂಜೆ ಬತ್ತೀನಿ."

"ನನಗೆ ಗೊತ್ತು. ನಾಳೆ ಅವ್ನ ಎಲೆನೇ ಎತ್ತೋದು," ಎಂದು ಫೋನ್ ಇಟ್ಟರು.

ಲೆಕ್ಕವೇನೋ ಓಂಕಾರೇಶನ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು. ಫೋನಿನ ಮರ್ಮವನ್ನೆಲ್ಲ ರುದ್ರಮೂರ್ತಿಗೆ ಹೇಳಿಕೊಟ್ಟವಳು ಮಗಳು ದೀಪಶ್ರೀ. ‘ಅಪ್ಪಾ, ಯಾರ ಫೋನೋ ಅವರು ಬರೆದಿದ್ದು ಬಲಗಡೆ ಬರುತ್ತೆ, ಬೇರೆಯವರದ್ದು ಎಡಗಡೆ.’ ಫೋಟೊದ ಬಲಗಡೆ ಏನೂ ಇರಲಿಲ್ಲ. ಅಂದ ಮೇಲೆ ಎಡಗಡೆ ಕಂಡ ಹನ್ನೊಂದೂ ಜನ ಅದನ್ನು ಹಿಡಿದವರಲ್ಲ. ಮೇಷ್ಟ್ರನ್ನು ಬಿಟ್ಟರೆ ಹತ್ತು ಮಂದಿ ಪಾರಾದರು. ಉಳಿದವರು ಮೂವರು. ಬೀರಯ್ಯನ ಫೋನ್ ಆ ವಾರವೆಲ್ಲ ರಿಪೇರಿ ಅಂಗಡಿಯಲ್ಲಿತ್ತು. ತೀರ್ಥಮ್ಮನ ಅಕ್ಷರ ದಪ್ಪ. ಉಳಿದವನು ಓಂಕಾರೇಶ್ ಒಬ್ಬನೇ. ಅವನು ಫೋನ್ ತೋರಿಸಲು ಒಪ್ಪಿರಲಿಲ್ಲ. ‘ನಂಬಿಕೆ ಇಲ್ಲ ಅಂದ್ಮೇಲೆ ತೋರ್ಸಿ ಏನು ಪ್ರಯೋಜನ ಸಾರ್?’ ಎಂದು ಬಾಗಿಲು ಹಾಕಿಕೊಂಡಿದ್ದ.

ಸಣ್ಣ ಊರುಗಳು. ನೂರು ಜನರ ಪಂಕ್ತಿಯಲ್ಲಿ ಎಲೆ ಎತ್ತಿಸಿಕೊಂಡವನ ಮುಖಕ್ಕೆ ಹತ್ತಿದ ಮಸಿ ಅವನ ಮಕ್ಕಳ ಮದುವೆಯಲ್ಲೂ ಹೋಗುವುದಿಲ್ಲ. ಸರಿಯಾಗಿ ತಿಳಿಯದೆ ಹೆಸರು ಹೇಳಿದರೆ ಆ ಜಗಲಿಯವರಿಗೂ ತನಗೂ ಏನು ವ್ಯತ್ಯಾಸ?

ಬೆಳಿಗ್ಗೆ ತರೀಕೆರೆಯಿಂದ ಹೊರಡುವಾಗ ದೀಪಶ್ರೀ ಕಾಫಿ ಲೋಟ ಕೈಗಿಟ್ಟು ಹೇಳಿದ್ದು ನೆನಪಾಯಿತು. ಅವಳ ಕಣ್ಣು ಊದಿಕೊಂಡಿದ್ದವು. "ಸಾಕು ಬಿಡಪ್ಪ ಇದು. ಯಾರೂ ಸಿಗ್ಲಿಲ್ಲ ಅಂತ ದೊಡ್ಡಮ್ಮನಿಗೆ ಹೇಳ್ಬಿಡು. ದೊಡ್ಡಪ್ಪ ವಾಪಸ್ಸು ಬರ್ತಾರಾ?" ಪಾಪ, ತಾಯಿಯಿಲ್ಲದ ಹುಡುಗಿ. ದೊಡ್ಡಮ್ಮ ದೊಡ್ಡಪ್ಪನ ತೊಡೆಯ ಮೇಲೇ ಬೆಳೆದವಳು. ಅತ್ತು ಅತ್ತು ಹೀಗಾಗಿದ್ದಾಳೆ ಎಂದು ರುದ್ರಮೂರ್ತಿ ಅವಳ ತಲೆ ಸವರಿ ಬಂದಿದ್ದ.

ಕಡೂರಿನಲ್ಲಿ ಶ್ರೀರಾಮನ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಫ್ಲೆಕ್ಸ್ ಪ್ರಿಂಟ್ ಮಾಡುವ ಚಿಕ್ಕ ಅಂಗಡಿ. ‘ಮೂರು ತಾಲ್ಲೂಕಿನ ಜಗಲಿ’ಯ ಯಜಮಾನ ಇವನೇ ಎಂದರೆ ನಂಬುವುದು ಕಷ್ಟ. ಮೂವತ್ತು ದಾಟಿದ, ನಿದ್ದೆಗೆಟ್ಟ, ಸಣಕಲು ಮನುಷ್ಯ. ಮೂರು ಸಲ ಬಾಗಿಲು ತಟ್ಟಿಸಿಕೊಂಡು ತಪ್ಪಿಸಿಕೊಂಡವನು ಇವತ್ತು ಸಿಕ್ಕಿಬಿದ್ದ.

"ಸಾರ್, ನಾನೇನೂ ಬರೆದಿಲ್ಲ. ಯಾರೋ ಕಳ್ಸಿದ್ರು, ನಾನು ಹಾಕೋಕೆ ಒಪ್ಪಿಗೆ ಕೊಟ್ಟೆ, ಅಷ್ಟೆ."

"ಯಾರೋ ಅಂದ್ರೆ?"

"‘ನ್ಯಾಯದ ಧ್ವನಿ’ ಅಂತ ಹೆಸರು. ಅವತ್ತೇ ಹುಟ್ಟಿದ ಅಕೌಂಟು. ಮಾರನೇ ದಿನ ಸತ್ತೋಯ್ತು."

"ನೀನು ಓದಿ ನೋಡ್ದೆ ಹಾಕ್ಬಿಟ್ಟೆ."

"ದಿನಕ್ಕೆ ನೂರಿಪ್ಪತ್ತು ಬರ್ತವೆ ಸಾರ್. ಮೊದ್ಲು ನಾವು ಎಂಬತ್ತು ಜನ ಇದ್ವಿ. ಯಾರ ಹಸು ಕಳೀತು, ಯಾವ ಬಸ್ಸು ನಿಂತೋಯ್ತು, ಅಷ್ಟೆ. ಒಬ್ರು ತಪ್ಪು ಮಾತಾಡಿದ್ರೆ ಇನ್ನೊಬ್ರು ‘ಏ ಸುಮ್ನಿರಪ್ಪ, ಅವ್ರು ನಂಗೊತ್ತು’ ಅನ್ನೋರು. ಅರವತ್ತು ಸಾವಿರ ಆದ್ಮೇಲೆ ಯಾರಿಗೆ ಯಾರು ಗೊತ್ತು? ಅಲ್ಲಿ ಮಾತಾಡಲ್ಲ ಸಾರ್, ಕೂಗ್ತಾರೆ. ಮೆತ್ತಗೆ ಹೇಳಿದ್ದು ಅಡೀಗೆ ಹೋಗ್ಬಿಡುತ್ತೆ. ಯಾರದಪ್ಪಾ ತಪ್ಪು ಅಂದ್ರೆ ಗುಂಪಲ್ಲಿ ಗೋವಿಂದ."

"ಗೋವಿಂದ ಅಂದಿದ್ದು ನಮ್ಮ ಮೇಷ್ಟ್ರು ಕಣಯ್ಯಾ," ಎಂದ ರುದ್ರಮೂರ್ತಿ. ಧ್ವನಿ ಏರಿಸಬಾರದು ಎಂದುಕೊಂಡಿದ್ದ. ಏರಿಬಿಟ್ಟಿತು. "ಆ ಮಗು ನೀರಿಗೆ ಹೋಗಿದ್ದು ಒಂಬತ್ತೂಕಾಲಿಗೆ. ಈ ಮಾತು ಆಡಿದ್ದು ಎಷ್ಟು ಹೊತ್ತಿಗೆ ಅಂತ ಅರವತ್ತು ಸಾವಿರದಲ್ಲಿ ಒಬ್ಬರೂ ಕೇಳ್ಲಿಲ್ವಾ?"

ಶ್ರೀರಾಮ ತಲೆ ತಗ್ಗಿಸಿದ.

"ಒಬ್ರು ಕೇಳಿದ್ರು ಸಾರ್."

"ಯಾರು?"

ಶ್ರೀರಾಮ ಕಂಪ್ಯೂಟರ್ ತಿರುಗಿಸಿದ. ಪೋಸ್ಟು ಯಾವಾಗಲೋ ತೆಗೆದಿದ್ದರೂ ಅವನ ಬಳಿ ನಕಲು ಇತ್ತು. ಬೈಗುಳದ ರಾಶಿಯನ್ನು ದಾಟಿ ದಾಟಿ ಕೆಳಗೆ, ಇನ್ನೂ ಕೆಳಗೆ ಹೋದ. ಅಲ್ಲಿ ನಾಲ್ಕು ಸಾಲು ಇದ್ದವು.

‘ಇದು ಬೆಳಿಗ್ಗೆ ಎಂಟೂಮುಕ್ಕಾಲರ ಮಾತು. ಆಗ ಮಗುವಿನ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಹೋಳಿಗೆ ನಮ್ಮ ಗುಂಪಿನ ಹಳೇ ತಮಾಷೆ. ಮೇಷ್ಟ್ರು ಅಂಥವರಲ್ಲ, ದಯವಿಟ್ಟು ನಿಲ್ಲಿಸಿ.’

ಬರೆದವನ ಹೆಸರು ಓಂಕಾರೇಶ್, ಚೌಳಹಿರಿಯೂರು.

ಅದಕ್ಕೆ ಮೂರು ಲೈಕು. ಕೆಳಗೆ ನೂರಾ ನಲವತ್ತು ಉತ್ತರ. ‘ನಿನಗೆಷ್ಟು ಹೋಳಿಗೆ ಕೊಟ್ಟರು?’ ಎಂಬುದೇ ಅವುಗಳಲ್ಲಿ ಸಭ್ಯವಾದದ್ದು. ಉಳಿದವನ್ನು ರುದ್ರಮೂರ್ತಿ ಓದಲಾರದೆ ಬಿಟ್ಟ. ಓಂಕಾರೇಶ್ ಹನ್ನೊಂದು ಸಲ ಸಮಾಧಾನ ಹೇಳಿದ್ದ. ಹನ್ನೆರಡನೆಯ ಸಲ ಅವನ ಮಗಳ ಫೋಟೊ ತಂದು ಹಾಕಿದರು. ಆಮೇಲೆ ಅವನು ಸುಮ್ಮನಾಗಿದ್ದ.

ಫೋನ್ ತೋರಿಸದೆ ಅವನು ಬಾಗಿಲು ಹಾಕಿಕೊಂಡದ್ದು ಯಾಕೆಂದು ಈಗ ಗೊತ್ತಾಯಿತು. ಅರವತ್ತು ಸಾವಿರ ಜನರ ನಡುವೆ ಮೇಷ್ಟ್ರ ಪರವಾಗಿ ನಿಂತವನು ಒಬ್ಬನೇ, ಮತ್ತು ನಾಳೆ ಎಲೆ ಎತ್ತಿಸಿಕೊಳ್ಳಬೇಕಾದವನೂ ಅವನೇ.

"ಈ ಫೋಟೊದ ಮೇಲ್ಗಡೆ ಕತ್ತರಿಸಿದ್ಯಾರು? ಹೆಸರಿನ ಮೇಲೆಲ್ಲ ಕೆಂಪು ಬಳಿದಿದ್ಯಾರು?"

"ಅವ್ರೇ ಸಾರ್. ಮೊದ್ಲು ಇಡೀ ಫೋಟೊ ಕಳ್ಸಿದ್ರು. ಹೆಸರು ಕಾಣುತ್ತೆ, ನನ್ನ ಮೇಲೆ ಕೇಸ್ ಬರುತ್ತೆ, ಅಳಿಸಿ ಕಳ್ಸಿ ಅಂತ ನಾನೇ ಹೇಳಿದ್ದೆ."

"ಅಂದ್ರೆ ಮೊದಲ್ನೇದು ನಿನ್ನ ಹತ್ರ ಇದೆ."

ಶ್ರೀರಾಮ ಮೌಸ್ ಹಿಡಿದು ಬಾಗಿಲ ಕಡೆ ನೋಡಿದ.

"ತೆಗಿ."

ಶ್ರೀರಾಮ ತೆಗೆದ. ರುದ್ರಮೂರ್ತಿ ಕನ್ನಡಕ ಏರಿಸಿಕೊಂಡು ಬಗ್ಗಿದ. ಎಲ್ಲಕ್ಕಿಂತ ಮೇಲೆ, ಫೋನಿನ ನೆತ್ತಿಯಲ್ಲಿ, ಹೊತ್ತು ಇತ್ತು. ಎಂಟು ಐವತ್ತೆರಡು.

"ಮಾತು ಆಡಿದ್ದಷ್ಟೇ ಅಲ್ಲ, ಫೋಟೊ ಹಿಡಿದಿದ್ದೂ ಮುಂಚೇನೇ!" ಎಂದ. "ಎಂಟು ಐವತ್ತೆರಡಕ್ಕೆ ಆ ಮಗು ಮನೇಲಿ ಕೂತು ಜಡೆ ಹಾಕಿಸ್ಕೋತಿತ್ತು ಕಣಯ್ಯಾ. ಅವರ ಅಜ್ಜಿನೇ ನಂಗೆ ಹೇಳಿದ್ದು. ನೀನು ಇದನ್ನ ನೋಡ್ದೆ. ನೋಡಿ ಹಾಕ್ದೆ."

"ನೋಡ್ಲಿಲ್ಲ ಸಾರ್. ಮಗು ಮುಖ ನೋಡಿ ನಂಗೂ ರಕ್ತ ಕುದ್ದೋಯ್ತು. ನಂಗೂ ಅಷ್ಟೇ ವಯಸ್ಸಿನ ಮಗಳಿದಾಳೆ." ಶ್ರೀರಾಮ ಅಂಗೈಯಲ್ಲಿ ಮುಖ ಒರೆಸಿಕೊಂಡ. "ಮೇಷ್ಟ್ರು ಹೋದ್ರು ಅಂತ ಗೊತ್ತಾದಾಗಿನಿಂದ ನಿದ್ದೆ ಇಲ್ಲ ಸಾರ್. ತಪ್ಪಾಯ್ತು ಅಂತ ಬರೆದು ಹಾಕ್ದೆ. ಒಂಬತ್ತು ಜನ ನೋಡಿದ್ರು."

ರುದ್ರಮೂರ್ತಿಯ ಸಿಟ್ಟು ಅರ್ಧಕ್ಕೆ ಇಳಿಯಿತು. ಮಗು ಸಾಯುವ ಮುಂಚೆ ಹಿಡಿದ ಫೋಟೊ. ಹಾಗಾದರೆ ಹಿಡಿದವರಿಗೆ ಕೇಡಿನ ಯೋಚನೆಯೇ ಇರಲಿಲ್ಲ. ಖುಷಿಗೆ ಹಿಡಿದದ್ದು. ದೊಡ್ಡ ಮಳೆ, ದೊಡ್ಡ ಅಂಕಿ, ಯಾರಿಗೋ ತೋರಿಸಿ ಹಿಗ್ಗಲು.

ಈಗ ಅವನು ಹೆಸರುಗಳನ್ನು ನೋಡಿದ. ‘ಬೀರೂರು ನಾಗೇಶಪ್ಪ.’ ‘ಸಿದ್ದೇಶ, ಅವ್ರ ಶಿಷ್ಯ.’ ‘ಗುಂಡಣ್ಣೋರು.’ ಇದೇನು ಹೀಗಿದೆ? ನೂರಾ ಹದಿನೆಂಟು ಎಂಬ ಅಂಕಿಯ ಮೇಲೆ ಮೇಷ್ಟ್ರ ಹೆಸರು ಇರಬೇಕಾದ ಜಾಗದಲ್ಲಿ ಬೇರೇನೋ ಇತ್ತು.

"ಈ ಹೆಸರೆಲ್ಲ ಯಾಕೆ ಹಿಂಗೆ ಬಂದಿವೆ?"

"ಅದು ಸೇವ್ ಮಾಡ್ಕೊಂಡಿರೋ ಹೆಸ್ರು ಸಾರ್. ಫೋನ್ ಯಾರದೋ ಅವ್ರು ಯಾರ್ಯಾರನ್ನ ಹೆಂಗೆ ಬರ್ಕೊಂಡಿರ್ತಾರೋ ಹಂಗೇ ತೋರಿಸುತ್ತೆ."

ನೂರಾ ಹದಿನೆಂಟರ ಮೇಲೆ ‘ನಮ್ಮನೇವ್ರು’ ಎಂದಿತ್ತು.

ರುದ್ರಮೂರ್ತಿ ಸ್ಟೂಲಿನ ಮೇಲೆ ಕುಳಿತುಬಿಟ್ಟ.

ನಲವತ್ತೈದು ವರ್ಷದ ಸಂಸಾರದಲ್ಲಿ ಪ್ರೇಮಮ್ಮ ಗಂಡನ ಹೆಸರು ಹೇಳಿದವರಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ತೀರಿಕೊಂಡವರ ಹೆಸರು ಕೇಳಿದಾಗಲೂ ರುದ್ರಮೂರ್ತಿಯ ಮುಖ ನೋಡಿದ್ದರು, ಅವನೇ ಹೇಳಿದ್ದ. ಫೋನಿನಲ್ಲೂ ಹೆಸರು ಬರೆದುಕೊಂಡಿಲ್ಲ ಆ ಮಹಾತಾಯಿ. ಗುಂಪಿನ ಹದಿನೈದನೆಯ ನಂಬರು, ಯಾವತ್ತೂ ಮಾತಾಡದ ನಂಬರು ಅವರದು. ತಾನು ಬರೆಯುವುದನ್ನು ಹೆಂಡತಿಯೂ ಓದಲಿ ಎಂದು ಮೇಷ್ಟ್ರೇ ಸೇರಿಸಿರಬೇಕು. ಬರೆಯುವವರನ್ನಷ್ಟೇ ಎಣಿಸಿ ಎಲ್ಲರೂ ಹದಿನಾಲ್ಕು ಎಂದರು. ಓದುವವರನ್ನು ಯಾರೂ ಎಣಿಸಲಿಲ್ಲ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಹತ್ತು ದಿನದಿಂದ ಅವನು ಮಾಡಿದ್ದು ಅದೇ.

"ಸಾರ್, ನೀರು ತರ್ಲಾ?" ಶ್ರೀರಾಮ ಕೇಳುತ್ತಿದ್ದ.

ಇನ್ನೊಂದು ಮುಳ್ಳು ರುದ್ರಮೂರ್ತಿಯ ಎದೆಗೆ ಮೆಲ್ಲಗೆ ಚುಚ್ಚಿತು. ಫೋನಿನ ಎಲ್ಲ ಮರ್ಮವನ್ನೂ ದೀಪಶ್ರೀ ಹೇಳಿಕೊಟ್ಟಿದ್ದಳು. ಎಡಗಡೆ, ಬಲಗಡೆ, ಹೊತ್ತು, ದಿನ. ಹೆಸರಿನ ಈ ಒಂದು ವಿಷಯ ಮಾತ್ರ ಹೇಳಿರಲಿಲ್ಲ. ಮರೆತಿರಬೇಕು, ಎಂದುಕೊಂಡ. ಮರೆಯುವ ಹುಡುಗಿಯಲ್ಲ ಅವಳು.

ಬುಕ್ಕಾಂಬುಧಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಚಿತ್ತೆ ಮಳೆಗೆ ತುಂಬಿದ ಕೆರೆ ಏರಿಯ ಕೆಳಗೆ ತುಳುಕುತ್ತ ಬಿದ್ದಿತ್ತು. ಆ ನೀರು ನೋಡಿದರೆ ಮೇಷ್ಟ್ರು ಮಗುವಿನ ಹಾಗೆ ಕುಣಿಯುತ್ತಿದ್ದರು. ರುದ್ರಮೂರ್ತಿ ಮುಖ ತಿರುಗಿಸಿಕೊಂಡು ಬೈಕ್ ಓಡಿಸಿದ.

ಪ್ರೇಮಮ್ಮ ಜಗಲಿಯಲ್ಲಿ ಬಾಳೆ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಜೋಡಿಸುತ್ತಿದ್ದರು. ದೊಡ್ಡ ಕಟ್ಟು ಒಂದು ಕಡೆ. ಅದರಿಂದ ಬೇರೆಯಾಗಿ, ಮಡಿ ಬಟ್ಟೆಯ ಮೇಲೆ, ಚೆಂದದ ಕುಡಿ ಎಲೆಗಳು ಹದಿಮೂರು.

"ಬಾರಪ್ಪಾ. ಊಟ ಮಾಡಿದ್ಯಾ? ಕಡ್ಲೆಬೇಳೆ ನೆನೆಹಾಕ್ಸಿದೀನಿ. ನಾಲ್ಕು ಜನ ಅಡಿಗೆಯವ್ರು ಬತ್ತಾರೆ. ಹೋಳಿಗೆ ಹಾಕಿಸ್ತೀನಿ ಅಂತ ನಮ್ಮನೇವ್ರು ಮಾತು ಕೊಟ್ಟಿದ್ರು. ಅವರ ಮಾತು ಬೀಳಬಾರ್ದು." ಕಣ್ಣೀರು ಇಳಿಯುತ್ತಿತ್ತು, ಕೈ ನಿಲ್ಲಲಿಲ್ಲ. "ಹೇಳು. ಓಂಕಾರೇಶನೇ ತಾನೆ?"

"ಅವನಲ್ಲಕ್ಕಾ. ದೇವರಾಣೆಗೂ ಅವನಲ್ಲ. ಆ ಜಗಲಿಲಿ ಮೇಷ್ಟ್ರ ಪರ ಮಾತಾಡಿ ಉಗಿಸ್ಕೊಂಡೋನು ಅವನೊಬ್ನೇ."

ಪ್ರೇಮಮ್ಮನ ಕೈ ಈಗ ನಿಂತಿತು. "ಅಯ್ಯೋ ಶಿವನೇ. ನಾನು ಪಕ್ಕದ ಮನೆಯೋರಿಗೆಲ್ಲ ಅವನೇ ಅಂದ್ಬಿಟ್ನಲ್ಲೋ!"

ಆಡಿದ ಮಾತು ಆಗಲೇ ಎಷ್ಟು ಜಗಲಿ ದಾಟಿತ್ತೋ.

"ಅಕ್ಕಾ, ನಿಮ್ಮ ಫೋನ್ ಕೊಡಿ ಒಂಚೂರು."

"ನನ್ನ ಫೋನ್ಯಾಕೆ?" ಎಂದರೂ ಸೊಂಟದಿಂದ ತೆಗೆದು ಕೊಟ್ಟರು. ಅಳುತ್ತಲೇ ಒಂದು ಚೂರು ನಕ್ಕರು. "ಅದರಲ್ಲಿ ಏನಿದೆ, ಬರೀ ಅವರ ಮಳೆ. ಗುಂಪಲ್ಲಿ ಅವರು ಬರೆದಿದ್ದು ಚೆನ್ನಾಗಿದ್ರೆ ನಾನು ಫೋಟೊ ಹಿಡಿದು ಇಟ್ಕೋತಿದ್ದೆ. ಮೂರು ಬೆರಳಲ್ಲಿ ಹಿಂಗೆ ಎಳೆದ್ರೆ ಬೀಳುತ್ತೆ. ಕಲ್ತಿದ್ದೆ."

ರುದ್ರಮೂರ್ತಿ ಹಿಂದಕ್ಕೆ ಸರಿಸುತ್ತ ಹೋದ. ಇಪ್ಪತ್ತೆರಡು. ಏಳು. ಮೂವತ್ತು. ಪ್ರತಿ ಅಂಕಿಯ ಮೇಲೂ ‘ನಮ್ಮನೇವ್ರು’. ನೂರಾ ಹದಿನೆಂಟು ಸಿಕ್ಕಿತು. ಎಂಟು ಐವತ್ತೆರಡು.

"ಆವತ್ತು ಎಷ್ಟು ಖುಷಿಯಾಗಿದ್ರು ಗೊತ್ತಾ," ಎಂದರು ಪ್ರೇಮಮ್ಮ, ಬಗ್ಗಿ ನೋಡುತ್ತ. "ತಾರೀಖು ಹಾಕಿ ಕಟ್ಟು ಹಾಕ್ಸಿ ಗೋಡೆಗೆ ಹಾಕೋಣ ಅಂದಿದ್ರು."

ಬೀದಿಗೆ ಬಿದ್ದ ಫೋಟೊವನ್ನು ಪ್ರೇಮಮ್ಮ ನೋಡಿದ್ದು ಒಂದೇ ಒಂದು ಸಲ. ಅದೂ ಕತ್ತರಿಸಿ ಕೆಂಪು ಬಳಿದದ್ದನ್ನು, ಕಣ್ಣೀರಿನ ನಡುವೆ. ತನ್ನದೇ ಕೈಯ ಕೂಸೆಂದು ಅವರಿಗೆ ಗುರುತು ಸಿಕ್ಕಿಲ್ಲ. ಸಿಗುವುದೂ ಬೇಡ, ದೇವರೇ, ಎಂದುಕೊಂಡ ರುದ್ರಮೂರ್ತಿ. ಆದರೂ ಕೇಳದೆ ವಿಧಿಯಿರಲಿಲ್ಲ.

"ಇದನ್ನ ಯಾರಿಗಾದ್ರೂ ಕಳ್ಸಿದ್ರಾ ಅಕ್ಕಾ?"

"ನಾನ್ಯಾರಿಗೆ ಕಳ್ಸ್ಲಿ? ನಂಗ್ಯಾರಿದಾರೆ? ಫೋಟೊ ಹಿಡಿಯೋದು ಕಲ್ಸ್‌ಕೊಟ್ಟೋಳು ಅವಳೇ, ಕಳ್ಸೋದೂ ಅವಳೊಬ್ಬಳಿಗೇ." ಎಲೆಯನ್ನು ಮತ್ತೆ ಒರೆಸತೊಡಗಿದರು. "ನಿನ್ನ ಮಗಳಿಗೆ. ದೀಪುಗೆ."

ಅಷ್ಟು ಹೊತ್ತಿಗೆ ಬೇಲಿಯ ಗೇಟು ಕಿರ್ರೆಂದಿತು. ಬಸ್ಸಿಳಿದು ಬಂದ ದೀಪಶ್ರೀ, ನಾಳೆಯ ಪೂಜೆಯ ಹೂವಿನ ಚೀಲ ಹಿಡಿದು ಅಂಗಳಕ್ಕೆ ಕಾಲಿಟ್ಟಳು.

"ಬಾರವ್ವಾ, ನೂರು ವರ್ಷ ಆಯಸ್ಸು ನಿಂಗೆ," ಪ್ರೇಮಮ್ಮನ ಮುಖ ಹತ್ತು ದಿನದಲ್ಲಿ ಮೊದಲ ಸಲ ಅರಳಿತು. "ನಾಳೆ ಆ ಹದಿಮೂರು ಎಲೆಗೆ ಹೋಳಿಗೆ ನೀನೇ ಬಡಿಸ್ಬೇಕು. ಮಗಳ ಹಂಗೆ ಸಾಕಿದ್ರು ನಿನ್ನ. ಬೇರೆಯವ್ರ ಕೈ ಬೇಡ."

ಅಪ್ಪನ ಕೈಯಲ್ಲಿದ್ದ ಫೋನನ್ನೂ ಅದರಲ್ಲಿ ತೆರೆದಿದ್ದ ಫೋಟೊವನ್ನೂ ದೀಪಶ್ರೀ ನೋಡಿಬಿಟ್ಟಿದ್ದಳು. ಪ್ರೇಮಮ್ಮ ಹೂವಿನ ಚೀಲ ಇಸಿದುಕೊಂಡು ನೀರು ಚಿಮುಕಿಸಲು ಒಳಗೆ ಹೋದರು.

ರುದ್ರಮೂರ್ತಿ ಎಷ್ಟೋ ಕಳ್ಳರನ್ನು ಮುಂದೆ ಕೂರಿಸಿಕೊಂಡು ಪ್ರಶ್ನೆ ಕೇಳಿದವನು. ಈಗ ಫೋನನ್ನು ಮಗಳ ಕಡೆ ತಿರುಗಿಸಿ ಹಿಡಿದ. ಮಗಳೇ ಹತ್ತಿರ ಬಂದಳು. ಊದಿದ ಕಣ್ಣು ನೆಲ ನೋಡುತ್ತಿತ್ತು.

"ಜಗಲಿಗೆ ಹಾಕಿದ್ದು ನಾನಲ್ಲಪ್ಪಾ. ನಾನೂ ಖುಷಿಗೆ ಒಬ್ಬರಿಗೆ ಕಳ್ಸಿದ್ದೆ. ಒಬ್ಬರಿಗೇ." ಅವಳ ಧ್ವನಿ ಅವಳಿಗೇ ಕೇಳುವಷ್ಟಿತ್ತು. "ಹಾಕಿದ್ದು ಅವರು. ನಾಳೆ ಊಟಕ್ಕೂ ಬರ್ತಾರೆ."

"ಯಾರು ದೀಪು?"

ದೀಪಶ್ರೀ ಜಗಲಿಯ ಮೇಲಿನ ಹದಿಮೂರು ಎಲೆಗಳನ್ನು ನೋಡಿದಳು. ಒಳಗಿನಿಂದ ಪ್ರೇಮಮ್ಮನ ಧ್ವನಿ ಕೇಳಿಸಿತು.

"ರುದ್ರಪ್ಪಾ, ಓಂಕಾರೇಶನದ್ದು ಅಲ್ಲ ಅಂದ್ರೆ ಮತ್ಯಾರ ಎಲೆ ಎತ್ಲಪ್ಪಾ ನಾನು?"